ಹಾಳೆಯ ಹಿಂಬದಿಯ ಪ್ಯಾರಾ

ಜೂನ್ 3

ಪುಟ್ಟಿ,

ನೀನು ಇಲ್ಲಿಂದ ಹೋದ ಏಳು ವರ್ಷದಲ್ಲಿ ನಾನು ನಿನಗೆ ಬರೆದದ್ದು ನಾಲ್ಕು ಕಾರ್ಡು, ಅವೂ ಎರಡೆರಡು ಸಾಲಿನವು. ಈ ಸಲ ಲಕೋಟೆ ದಪ್ಪಗಿರುವುದನ್ನು ನೋಡಿ ನಿನಗೆ ಗಾಬರಿಯಾಗಿರಬಹುದು. ವಿಷಯವೂ ಗಾಬರಿಯದ್ದೇ. ಕೂತುಕೊಂಡು ಓದು.

ಮಾರ್ಚಿನಲ್ಲಿ ನನ್ನ ದೊಡ್ಡಕರುಳಿನಿಂದ ಒಂದು ಗಡ್ಡೆ ತೆಗೆದರು. ಕ್ಯಾನ್ಸರ್. ಆಗಲೇ ನಿನಗೆ ಹೇಳಬಹುದಿತ್ತು, ಹೇಳಲಿಲ್ಲ. ಹೇಳಿದ್ದರೆ ನೀನು ರಜೆ ಹಾಕಿ ಓಡಿ ಬರುತ್ತಿದ್ದೆ. ಬಂದ ಮೇಲೆ ಆ ಹಳೆಯ ಜಗಳದ ಮಾತು ಬಾಯಿಗೆ ಬಾರದಂತೆ ಇಬ್ಬರೂ ಹಲ್ಲು ಕಚ್ಚಿಕೊಂಡು ಓಡಾಡಬೇಕಿತ್ತು. ಪ್ರೆಸ್ಸಿನ ಮೆಷಿನ್ ಮೇಸ್ತ್ರಿಯೂ ಅವರ ಹೆಂಡತಿಯೂ ನೋಡಿಕೊಂಡರು. ಗಾಯ ಒಣಗಿದೆ. ಮತ್ತೆ ಪ್ರೂಫ್ ಮೇಜಿಗೆ ಬಂದು ಕೂತಿದ್ದೇನೆ.

ಇನ್ನು ಒಳಗೆಲ್ಲಾದರೂ ಚೂರುಪಾರು ಉಳಿದಿದ್ದರೆ ಅದಕ್ಕೆ ಇಂಜೆಕ್ಷನ್ ಕೊಡುತ್ತಾರಂತೆ. ಮೂರು ವಾರಕ್ಕೊಮ್ಮೆ, ಒಟ್ಟು ಎಂಟು ಸಲ, ಜೊತೆಗೆ ಮಾತ್ರೆ. ಈ ತಿಂಗಳ ಹದಿಮೂರಕ್ಕೆ ಮೊದಲನೆಯದು. ನರ್ಸು ಒಂದು ಹಾಳೆ ಕೈಗಿಟ್ಟು, "ತಿಳ್ಕೊಬೇಕಾದ್ದೆಲ್ಲ ಇದರಲ್ಲಿದೆ ಅಮ್ಮ, ಮನೇಲಿ ಯಾರ ಹತ್ರನಾದ್ರೂ ಓದಿಸ್ಕೊಳ್ಳಿ" ಅಂದಳು. ಮೂವತ್ತು ವರ್ಷದಿಂದ ಕಣ್ಣಿಲ್ಲದವರಿಗಾಗಿ ಬ್ರೈಲ್ ಪುಸ್ತಕ ಅಚ್ಚು ಹಾಕುವ ಕಡೆ ಪ್ರೂಫ್ ನೋಡುತ್ತಿದ್ದೇನೆ. ನನ್ನ ಜೀವಕ್ಕೆ ಸಂಬಂಧಪಟ್ಟ ಹಾಳೆ ಮುಟ್ಟಿದರೆ ನುಣ್ಣಗಿದೆ, ಒಂದು ಚುಕ್ಕಿಯೂ ಇಲ್ಲ.

ಮೇಸ್ತ್ರಿಯವರ ಕೈಲಿ ಓದಿಸಬಹುದು. ಆದರೆ ವಾಂತಿ, ಭೇದಿ ಅಂತೆಲ್ಲ ಇರುತ್ತದೆ, ದಿನಾ ಮುಖ ನೋಡುವ ಗಂಡಸಿನ ಎದುರು ಕೂತು ಕೇಳಲು ನಾಚಿಕೆ. ಹಾಳೆಯನ್ನು ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿರುವುದನ್ನೆಲ್ಲ ಬ್ರೈಲಿನಲ್ಲಿ ಬರೆದು ಕಳಿಸು. "ನಿನ್ನ ಕಣ್ಣಾಗಿ ಇದ್ದು ಇದ್ದು ನನಗೂ ಕಣ್ಣಿದೆ ಅನ್ನೋದೇ ಮರೆತುಹೋಗಿದೆ" ಅಂತ ಜಗಳವಾಡಿ ಹೋದ ನಿನಗೆ ಮತ್ತೆ ಅದೇ ಕೆಲಸ ಹಚ್ಚುತ್ತಿದ್ದೇನೆ. ಇದೊಂದೇ ಸಲ.

ಡಾಕ್ಟರಿಗೆ ಒಂದು ಮಾತು ಹೇಳಿ ಬಂದಿದ್ದೇನೆ. ಸೂಜಿ ಎಡಗೈಗೆ ಹಾಕಿ, ಬಲಗೈ ತೋರುಬೆರಳಿನಿಂದ ನಾನು ಅನ್ನ ತಿನ್ನುವುದು, ಅದಕ್ಕೇನಾದರೂ ಆಗುವ ಹಾಗಿದ್ದರೆ ನಿಮ್ಮ ಮದ್ದೇ ನನಗೆ ಬೇಡ ಅಂತ. ಅವರು ನಕ್ಕರು.

ಅಕ್ಕ

ಜೂನ್ 8

ಅಕ್ಕ,

ಡಿಪೋದ ಬೆಂಚಿನ ಮೇಲೆ ಕೂತು ನಿನ್ನ ಕಾಗದ ಓದಿದೆ. ಆಮೇಲೆ ಒಂದು ಟ್ರಿಪ್ಪು ಓಡಿಸಬೇಕಿತ್ತು, ಓಡಿಸಿದೆ. ಬಸ್ಸನ್ನು ಯಾವ ಸ್ಟಾಪಿನಲ್ಲಿ ನಿಲ್ಲಿಸಿದೆ, ಯಾವುದನ್ನು ದಾಟಿಸಿಕೊಂಡು ಹೋದೆ, ನೆನಪಿಲ್ಲ. ಇಬ್ಬರು ಬೈದದ್ದು ನೆನಪಿದೆ.

ಮಾರ್ಚಿನಿಂದ, ಅಕ್ಕ. ಇರಲಿ, ಈಗ ಅದು ಬೇಡ.

ಹಳೆಯ ಬ್ರೈಲ್ ಸ್ಲೇಟು, ಚುಕ್ಕಿ ಒತ್ತುವ ಮೊಳೆ ಹುಡುಕಿ ತೆಗೆದು ಎರಡು ಸಂಜೆ ಕೂತು ಬರೆದಿದ್ದೇನೆ. ಅಭ್ಯಾಸ ತಪ್ಪಿದೆ, ತಪ್ಪುಗಳಿದ್ದರೆ ಮನಸ್ಸಿನಲ್ಲೇ ಬೈದುಕೋ. ಹಾಳೆಯಲ್ಲಿ ಇರುವುದು ಇದು.

ಮದ್ದನ್ನು ಕೈಯ ರಕ್ತನಾಳದೊಳಕ್ಕೆ ಹನಿಹನಿಯಾಗಿ ಬಿಡುತ್ತಾರೆ, ಎರಡು ಗಂಟೆ ಹಿಡಿಯುತ್ತದೆ. ಸೂಜಿ ಚುಚ್ಚಿದ ಜಾಗ ಉರಿದರೆ, ನೋವಾದರೆ, ಊದಿಕೊಂಡ ಹಾಗಾದರೆ ಆ ಕ್ಷಣವೇ ನರ್ಸಿಗೆ ಹೇಳಬೇಕು. ಮದ್ದು ರಕ್ತನಾಳದಿಂದ ಹೊರಗೆ ಸೋರಿದರೆ ಚರ್ಮ, ಮಾಂಸ ಸುಡುತ್ತದಂತೆ. ಮುಗಿಯಲಿ ಆಮೇಲೆ ಹೇಳೋಣ ಅನ್ನುವ ನಿನ್ನ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಉಸಿರು ಕಟ್ಟಿದರೆ, ಮೈಮೇಲೆ ದದ್ದು ಎದ್ದರೆ ಅದನ್ನೂ ಆಗಲೇ ಹೇಳಬೇಕು.

ಜ್ವರ ಮೂವತ್ತೆಂಟು ಡಿಗ್ರಿ ಮುಟ್ಟಿದರೆ, ಇಲ್ಲವೇ ಮೈ ನಡುಗಿದರೆ, ಗುಳಿಗೆ ನುಂಗಿ ಮಲಗುವಂತಿಲ್ಲ, ಯಾವ ಹೊತ್ತಾದರೂ ಸರಿ ಆಸ್ಪತ್ರೆಗೆ ಹೋಗಬೇಕು. ರಕ್ತದ ಬಿಳಿಕಣ ಕಡಿಮೆಯಾಗಿ ಸಣ್ಣ ಸೋಂಕೂ ಒಂದೇ ದಿನದಲ್ಲಿ ಜೀವಕ್ಕೆ ಬರಬಹುದು. ಮಾತಾಡುವ ಥರ್ಮಾಮೀಟರು ಕಳಿಸುತ್ತಿದ್ದೇನೆ.

ವಾಂತಿಯ ಮಾತ್ರೆಯನ್ನು ವಾಂತಿ ಬರುವ ಮೊದಲೇ ತೆಗೆದುಕೊಳ್ಳಬೇಕು. ಒಸಡಿನಲ್ಲಿ ರಕ್ತ, ಬಾಯಲ್ಲಿ ಹುಣ್ಣು, ನಿಲ್ಲದ ಭೇದಿ, ಇವನ್ನೆಲ್ಲ ತಿಳಿಸಬೇಕು. ಹಲ್ಲು ಕೀಳಿಸುವ ಮುಂಚೆ ಕೇಳಬೇಕು. ಬೇರೆ ಮಾತ್ರೆ, ಬೇರು, ಕಷಾಯ ಏನು ತಗೊಂಡರೂ ಹೇಳಬೇಕು. ಇಂಜೆಕ್ಷನ್ ಆದ ಮೇಲೆ ಎರಡು ದಿನ ಕಕ್ಕಸಿಗೆ ಮುಚ್ಚಳ ಹಾಕಿ ಎರಡು ಸಲ ನೀರು ಬಿಡಬೇಕು, ಮದ್ದು ಮೈಯಿಂದ ಹೊರಗೆ ಹೋಗುತ್ತಿರುತ್ತದೆ. ಬಸಿರಾಗಬಾರದು ಅಂತಲೂ ಇದೆ. ಐವತ್ತೆರಡರಲ್ಲಿ ಆ ಒಂದು ಚಿಂತೆ ನಿನಗಿಲ್ಲ.

ಮುಖ್ಯವಾಗಿ ಚಳಿ. ಐದಾರು ದಿನ ತಣ್ಣೀರು ಕುಡಿಯಬಾರದು, ತಣ್ಣಗಿರುವ ಕಬ್ಬಿಣ ಮುಟ್ಟಬಾರದು. ಬೆರಳು ಜುಮ್ಮೆನ್ನುತ್ತದೆ, ಗಂಟಲು ಹಿಡಿದ ಹಾಗಾಗುತ್ತದೆ. ಕೆಲವು ದಿನ ಇದ್ದು ಹೋಗುತ್ತದೆ.

ಎರಡು ಬದಿಯೂ ನೋಡಿದ್ದೇನೆ. ಒಂದನ್ನೂ ತಪ್ಪಿಸದೆ ಎಂಟೂ ತಗೋ ಅಕ್ಕ. ನಾನು ಬರಲಾ?

ಪುಟ್ಟಿ

ಜೂನ್ 20

ಪುಟ್ಟಿ,

ಮೊದಲನೆಯದು ಆಯಿತು. ಉದ್ದನೆಯ ಕೋಣೆ, ಆರು ಕುರ್ಚಿ ಅಂತ ಮೇಸ್ತ್ರಿ ಎಣಿಸಿ ಹೇಳಿದರು. ಪ್ರತಿ ಕುರ್ಚಿಯ ಪಕ್ಕ ಒಂದು ಯಂತ್ರ, ಬಾಟಲಿ ಮುಗಿದ ಕೂಡಲೇ ಕೀ ಕೀ ಅನ್ನುತ್ತದೆ. ನನ್ನ ಪಕ್ಕದವರು ಒಬ್ಬ ಕ್ಷೌರದಂಗಡಿಯವರು. "ಇಲ್ಲಿ ಬರೋರೆಲ್ಲ ಕೂದಲು ಉದುರಿಸ್ಕೊಂಡು ಹೋಗ್ತಾರೆ ತಾಯಿ, ನನ್ನ ಹೊಟ್ಟೆ ಮೇಲೆ ಹೊಡೆಯೋದಕ್ಕೇ ಇಟ್ಟಿದಾರೆ ಈ ಮದ್ದನ್ನ" ಅಂದರು. ಎಲ್ಲರೂ ನಕ್ಕರು.

ಸೂಜಿ ಹಾಕುವ ಮೊದಲು ನರ್ಸು ಒಂದೊಂದೇ ಕೇಳಿದಳು, ನೀನು ಬರೆದಂತೆ ಉತ್ತರ ಹೇಳಿದೆ. "ಯಾರಮ್ಮ ನಿಮಗೆ ಇಷ್ಟು ಚೆನ್ನಾಗಿ ಓದಿ ಹೇಳಿದ್ದು?" ಅಂದಳು. ನನ್ನ ತಂಗಿ, ಬಸ್ಸು ಓಡಿಸುತ್ತಾಳೆ ಅಂದೆ. ಹೇಳುವಾಗ ಸ್ವಲ್ಪ ಜಂಬವೂ ಬಂತು.

ಮನೆಗೆ ಬಂದು ಮರೆತು ನಲ್ಲಿ ಹಿಡಿದೆ. ಕರೆಂಟು ಹೊಡೆದ ಹಾಗಾಯಿತು. ಈಗ ಕೈಗವಸು ಹಾಕಿಕೊಳ್ಳುತ್ತೇನೆ. ಅದನ್ನು ಹಾಕಿಕೊಂಡರೆ ಮನೆಯೊಳಗೆ ಏನು ಎಲ್ಲಿದೆ ಗೊತ್ತಾಗುವುದಿಲ್ಲ. ಹುಟ್ಟಿದಾಗಿನಿಂದ ಇಲ್ಲದ ಕಣ್ಣನ್ನು ಈಗ ಕಳೆದುಕೊಂಡಂತಿದೆ. ಆರನೇ ದಿನಕ್ಕೆ ಸರಿಹೋಯಿತು, ಹಾಳೆಯಲ್ಲಿ ಹೇಳಿದ ಹಾಗೆಯೇ.

ಬರುವುದು ಬೇಡ. ಬರೆಯುತ್ತಿರು.

ಅಕ್ಕ

ಜುಲೈ 10

ಅಕ್ಕ,

ಎರಡನೆಯದೂ ಆಗಿರಬೇಕು. ಜ್ವರ ನೋಡಿಕೊಳ್ಳುತ್ತಿದ್ದೀಯಾ? ಬೆರಳು ಜುಮ್ಮೆನ್ನುವುದು ಈ ಸಲವೂ ಆರು ದಿನಕ್ಕೇ ನಿಂತಿತಾ, ಇಲ್ಲ ಜಾಸ್ತಿ ದಿನ ಇತ್ತಾ? ಎರಡೂ ಕೈಗೆ ಒಂದೇ ತರಹವಾ? ಓದುವುದಕ್ಕೆ ತೊಂದರೆ ಇಲ್ಲ ತಾನೇ?

ನನ್ನ ರೂಟು ಬದಲಾಗಿದೆ. ಬೆಟ್ಟದ ಕಡೆಯದು, ತಿರುವು ಹೆಚ್ಚು. ಬಸ್ಸು ಓಡಿಸುವಾಗ ಬೇರೆ ಏನನ್ನೂ ಯೋಚಿಸುವ ಹಾಗಿಲ್ಲ, ಅಷ್ಟು ಹೊತ್ತು ಆರಾಮ.

ಬೆರಳಿನ ವಿಷಯ ತಪ್ಪದೆ ಬರಿ.

ಪುಟ್ಟಿ

ಆಗಸ್ಟ್ 2

ಪುಟ್ಟಿ,

ಮೂರನೆಯದರಲ್ಲಿ ಒಂದು ಪ್ರಸಂಗವಾಯಿತು. ಮದ್ದು ಬಿಟ್ಟು ಹತ್ತು ನಿಮಿಷವಾಗಿರಬೇಕು, ಸೂಜಿಯ ಸುತ್ತ ಉರಿ ಶುರುವಾಯಿತು. ನರ್ಸು ಆ ಕಡೆ ಯಾರದೋ ವಾಂತಿ ನೋಡುತ್ತಿದ್ದಳು. ಅವಳ ಕೆಲಸ ಮುಗಿಯಲಿ ಅಂತ ಒಂದು ಸಲ ಸುಮ್ಮನಾದೆ. ಆಮೇಲೆ ನೀನು ಬರೆದದ್ದು ನೆನಪಾಗಿ ಕೂಗಿಬಿಟ್ಟೆ, ಇಡೀ ಕೋಣೆ ಬೆಚ್ಚುವ ಹಾಗೆ. ಓಡಿ ಬಂದು ನಿಲ್ಲಿಸಿದಳು. "ಒಳ್ಳೇದು ಮಾಡಿದ್ರಿ. ಇನ್ನು ಐದು ನಿಮಿಷ ಸುಮ್ಮನಿದ್ದಿದ್ರೆ ಕೈ ಹುಣ್ಣಾಗ್ತಿತ್ತು" ಅಂದಳು. ಸೂಜಿ ತೆಗೆದು ಬಲಗೈಗೆ ಹಾಕಿದರು. ಬೇರೆ ದಾರಿ ಇರಲಿಲ್ಲ. ಆ ಕೈಯಲ್ಲಿ ಓದಲಾಗದೆ ಎರಡು ಗಂಟೆ ಕೂತಿದ್ದೆ.

ನೀನು ಅಷ್ಟು ಸಲ ಬೆರಳನ್ನೇ ಯಾಕೆ ಕೇಳುತ್ತೀಯ? ನನಗಿಂತ ನಿನಗೇ ಹೆಚ್ಚು ಚಿಂತೆ. ಈ ಸಲ ಜುಮ್ಮೆನ್ನುವುದು ಎಂಟು ದಿನವಾದರೂ ಪೂರ್ತಿ ಹೋಗಿಲ್ಲ. ಹೋಗುತ್ತದೆ ಬಿಡು.

ಅಕ್ಕ

ಸೆಪ್ಟೆಂಬರ್ 9

ಪುಟ್ಟಿ,

ಐದನೆಯದು ಆಯಿತು. ಸುಸ್ತು. ಊಟ ರುಚಿಸುವುದಿಲ್ಲ.

ಪ್ರೆಸ್ಸಿನಲ್ಲಿ ಒಂದು ಅವಮಾನವಾಯಿತು. ಶಾಲೆಯ ಗಣಿತ ಪುಸ್ತಕದಲ್ಲಿ ನಾನು ನೋಡಿ ಬಿಟ್ಟ ಪುಟಗಳಲ್ಲಿ ಹನ್ನೊಂದು ತಪ್ಪು ಉಳಿದಿದ್ದವು. ಮೂವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಈಗ ಬರುತ್ತಿರುವ ಕಾಗದ ಸರಿಯಿಲ್ಲ, ಚುಕ್ಕಿ ಏಳುವುದೇ ಇಲ್ಲ, ಒದ್ದೆ ಬಟ್ಟೆಯ ಮೇಲೆ ಕೈಯಾಡಿಸಿದ ಹಾಗಿರುತ್ತದೆ. ಮೇಸ್ತ್ರಿಗೆ ಹೇಳಿದೆ. ಕಾಗದ ಹಳೆಯದೇ ಅಮ್ಮ ಅನ್ನುತ್ತಾರೆ.

ಡಾಕ್ಟರು ಕೈ ಹೇಗಿದೆ ಅಂತ ಕೇಳುತ್ತಾರೆ. ಚಳಿಗೆ ಜುಮ್ಮೆನ್ನುತ್ತೆ ಅನ್ನುತ್ತೇನೆ. ಅದು ಎಲ್ಲರಿಗೂ ಆಗುವುದೇ ಅನ್ನುತ್ತಾರೆ. ಮುಂದಿನದು ಇಪ್ಪತ್ತಾರಕ್ಕೆ.

ಅಕ್ಕ

ಸೆಪ್ಟೆಂಬರ್ 13

ಅಕ್ಕ,

ಕಾಗದ ಸರಿಯಾಗಿಯೇ ಇದೆ. ಹೋಗುತ್ತಿರುವುದು ನಿನ್ನ ಬೆರಳಿನ ಸ್ಪರ್ಶ.

ಆಸ್ಪತ್ರೆಯ ಹಾಳೆಯ ಹಿಂಬದಿಯಲ್ಲಿ ಕೆಳಗಿನಿಂದ ಎರಡನೆಯ ಪ್ಯಾರಾವನ್ನು ನಾನು ಬರೆಯಲಿಲ್ಲ. ಮರೆತದ್ದಲ್ಲ, ಬೇಕೆಂದೇ ಬಿಟ್ಟೆ. ಅದು ಹೀಗಿದೆ:

"ಈ ಮದ್ದು ಬೆರಳು ಮತ್ತು ಪಾದಗಳ ನರಗಳಿಗೆ ಹಾನಿ ಮಾಡಬಹುದು. ಚಳಿಗೆ ಜುಮ್ಮೆನ್ನುವುದು ಕೆಲವು ದಿನಗಳಲ್ಲಿ ಹೋಗುತ್ತದೆ. ಆದರೆ ಜೋಮು ಮುಂದಿನ ಇಂಜೆಕ್ಷನ್ನಿನವರೆಗೂ ಉಳಿದರೆ, ಗುಂಡಿ ಹಾಕಲು ಅಥವಾ ಸಣ್ಣ ವಸ್ತು ಹಿಡಿಯಲು ಕಷ್ಟವಾದರೆ, ಮುಂದಿನ ಇಂಜೆಕ್ಷನ್ನಿಗೆ ಮೊದಲೇ ವೈದ್ಯರಿಗೆ ತಿಳಿಸಿ. ಪ್ರಮಾಣ ಕಡಿಮೆ ಮಾಡಬೇಕಾಗಬಹುದು, ಅಥವಾ ಈ ಮದ್ದನ್ನು ನಿಲ್ಲಿಸಬೇಕಾಗಬಹುದು. ಕೆಲವರಲ್ಲಿ ಸ್ಪರ್ಶ ಪೂರ್ತಿಯಾಗಿ ಮರಳುವುದಿಲ್ಲ. ಬೆರಳುಗಳಿಂದ ಸೂಕ್ಷ್ಮ ಕೆಲಸ ಮಾಡುವವರು ಚಿಕಿತ್ಸೆ ಆರಂಭಿಸುವ ಮೊದಲೇ ಹೇಳಬೇಕು."

ಇಪ್ಪತ್ತಾರಕ್ಕೆ ಕಾಯಬೇಡ. ಈ ಕಾಗದ ಸಿಕ್ಕ ದಿನವೇ ಆಸ್ಪತ್ರೆಗೆ ಹೋಗಿ ಎಲ್ಲ ಹೇಳು. ಪ್ರೆಸ್ಸಿಗೆ ಫೋನ್ ಮಾಡಿದ್ದೆ, ನೀನು ರಜೆಯಲ್ಲಿದ್ದೆ. ಮೇಸ್ತ್ರಿಯವರ ಹತ್ತಿರ ಇದನ್ನು ಹೇಳಲು ಬಾಯಿ ಬರಲಿಲ್ಲ. "ನನ್ನ ಕಾಗದ ಬರುತ್ತೆ, ಬಂದ ತಕ್ಷಣ ಓದೋಕೆ ಹೇಳಿ" ಅಂದಷ್ಟೇ.

ಬೆರಳಿಗೇನಾದರೂ ಆದರೆ ಮದ್ದೇ ಬೇಡ ಅಂತ ನೀನು ಮೊದಲ ಕಾಗದದಲ್ಲೇ ಬರೆದಿದ್ದೆ. ಸ್ಲೇಟಿನ ಮುಂದೆ ಕೂತು ಆ ಪ್ಯಾರಾವರೆಗೆ ಬಂದೆ, ಮೊಳೆ ಕೆಳಗಿಟ್ಟೆ. ಇದನ್ನು ಬರೆದರೆ ನೀನು ಇಂಜೆಕ್ಷನ್ನಿಗೆ ಹೋಗುವುದಿಲ್ಲ, ಹೋಗದಿದ್ದರೆ ಸಾಯುತ್ತೀಯ, ಅಷ್ಟೇ ತಲೆಯಲ್ಲಿದ್ದದ್ದು. ಹೇಳಿಕೊಳ್ಳಲು ಇದಕ್ಕಿಂತ ಹೆಚ್ಚಿನ ಕಾರಣ ನನ್ನ ಹತ್ತಿರ ಇಲ್ಲ.

ಶನಿವಾರ ಹೊರಡುತ್ತೇನೆ.

ಪುಟ್ಟಿ

ಸೆಪ್ಟೆಂಬರ್ 18

ತಂಗಿಯವರಿಗೆ,

ನಾನು ಪ್ರೆಸ್ಸಿನ ಮೆಷಿನ್ ಮೇಸ್ತ್ರಿ. ನಿಮ್ಮ ಅಕ್ಕನವರು ಬರೆಯಲು ಹೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಮೊನ್ನೆ ಬೆಳಿಗ್ಗೆ ನಿಮ್ಮ ಕಾಗದ ಬಂತು. ಅವರು ಅದನ್ನು ಪ್ರೂಫ್ ಮೇಜಿನ ಮೇಲೆ ಹರಡಿಕೊಂಡು ಕೂತರು. ಊಟದ ಹೊತ್ತಾದರೂ ಎದ್ದಿರಲಿಲ್ಲ. ಕೊನೆಗೆ ನನ್ನ ಹತ್ತಿರ ತಂದರು. "ಮೇಸ್ತ್ರಿ, ಇದನ್ನ ಓದಿ. ಮೊದಲನೇ ಸಾಲು ಬಿಟ್ಟರೆ ನನ್ನ ಕೈಗೆ ಏನೂ ಸಿಗ್ತಿಲ್ಲ" ಅಂದರು. ನನಗೆ ಬ್ರೈಲ್ ಕಣ್ಣಿನಿಂದ ನೋಡಿ ಓದುವ ಅಭ್ಯಾಸವಿದೆ. ಏನಿದೆ ಅಂತ ಗೊತ್ತಿಲ್ಲದೆ ಗಟ್ಟಿಯಾಗಿ ಓದುತ್ತಾ ಹೋದೆ. ಆ ಪ್ಯಾರಾ ಬಂದಾಗ "ಮತ್ತೆ ಓದಿ" ಅಂದರು. ಮೂರು ಸಲ ಓದಿಸಿದರು.

"ಎಲ್ಲಿತ್ತು ಅಂದ್ರಿ ಇದು?"

"ಹಿಂಬದಿ, ಕೆಳಗಿಂದ ಎರಡನೇದು."

"ಹನ್ನೊಂದು ವರ್ಷ ಪುಟ್ಟಿ ನನ್ನ ಎದುರು ಕೂತು ಮೂಲಪ್ರತಿ ನೋಡ್ತಿದ್ದಳು. ನಾನು ಪ್ರೂಫ್ ಓದ್ತಾ ಹೋಗೋದು, ಅವಳು ಮೂಲ ನೋಡಿ ಹೂಂ ಅನ್ನೋದು. ಒಂದು ಅಲ್ಪವಿರಾಮ ಬಿಟ್ಟವಳಲ್ಲ ಮೇಸ್ತ್ರಿ."

ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ನಡೀರಿ ಆಸ್ಪತ್ರೆಗೆ ಅಂದರು. ಡಾಕ್ಟರು ಅವರ ಕೈಗೆ ನಾಣ್ಯ, ಗುಂಡಿ, ಸೂಜಿ, ಹತ್ತಿ ಕೊಟ್ಟು ಪರೀಕ್ಷೆ ಮಾಡಿದರು. ಹತ್ತಿ ಗೊತ್ತೇ ಆಗಲಿಲ್ಲ. ಇಪ್ಪತ್ತಾರರ ಇಂಜೆಕ್ಷನ್ ನಿಲ್ಲಿಸಿದ್ದಾರೆ. ಮಾತ್ರೆ ಮುಂದುವರಿಯುತ್ತದೆ.

ನೀವು ಶನಿವಾರ ಬರುವುದು ಬೇಡವಂತೆ. "ಈಗ ಅವಳ ದನಿ ಕೇಳಿದರೆ ನಾನು ಏನಂತೀನೋ ನನಗೇ ಗೊತ್ತಿಲ್ಲ" ಅಂದರು. ಹಾಗೇ ಬರೆದಿದ್ದೇನೆ. ತಪ್ಪು ತಿಳಿಯಬೇಡಿ.

ಇಂತಿ, ಮೇಸ್ತ್ರಿ

ಅಕ್ಟೋಬರ್ 4

ಅಕ್ಕ,

ಬರೆಯಲೋ ಬೇಡವೋ ಗೊತ್ತಾಗದೆ ಹದಿನೈದು ದಿನ ಕಳೆದೆ. ಇದನ್ನು ಮೇಸ್ತ್ರಿಯವರೇ ಓದಿ ಹೇಳಬೇಕು, ಹಾಗಾಗಿ ಹೆಚ್ಚು ಬರೆಯುವುದಿಲ್ಲ. ಜ್ವರ ಬಂದರೆ ಆಸ್ಪತ್ರೆಗೆ ಹೋಗು. ಕೈ ಸುಟ್ಟುಕೊಳ್ಳಬೇಡ, ಈಗ ಬಿಸಿಯೂ ಗೊತ್ತಾಗಲಿಕ್ಕಿಲ್ಲ. ನೀರನ್ನು ಮೊಣಕೈಯಿಂದ ಮುಟ್ಟಿ ನೋಡು.

ಪುಟ್ಟಿ

ಅಕ್ಟೋಬರ್ 22

ಪುಟ್ಟಿ,

ಬ್ರೈಲ್ ಟೈಪ್‌ರೈಟರಿನ ಆರು ಕೀಲಿ ಎಲ್ಲಿವೆ ಅನ್ನುವುದು ಕೈಗೆ ಗೊತ್ತು, ಆದ್ದರಿಂದ ಬರೆಯಬಲ್ಲೆ. ಬರೆದದ್ದನ್ನು ತಿರುಗಿ ಓದಲಾರೆ. ತಪ್ಪಿದ್ದರೆ ಹಾಗೇ ಇರಲಿ.

ಮೊದಲು ಕೋಪ ಮುಗಿಸಿಬಿಡುತ್ತೇನೆ. ನೀನು ಅದನ್ನು ಬರೆದಿದ್ದರೆ ನಾನು ಮದ್ದು ಬೇಡ ಅನ್ನುತ್ತಿದ್ದೆನೇ? ಅನ್ನುತ್ತಿದ್ದೆ. ಎರಡು ದಿನ ಹಟ ಹಿಡಿಯುತ್ತಿದ್ದೆ. ಆಮೇಲೆ ಡಾಕ್ಟರ ಹತ್ತಿರ ಹೋಗಿ ಜಗಳ ತೆಗೆಯುತ್ತಿದ್ದೆ, ಅವರು ನನ್ನ ಕೆಲಸ ಏನು ಅಂತ ಸರಿಯಾಗಿ ಕೇಳುತ್ತಿದ್ದರು. ಈಗ ಅವರೇ ಹೇಳಿದರು, ಮೊದಲೇ ತಿಳಿದಿದ್ದರೆ ನಾಲ್ಕನೆಯದರಲ್ಲೇ ಪ್ರಮಾಣ ಇಳಿಸಬಹುದಿತ್ತು, ಇಲ್ಲವೇ ಬರೀ ಮಾತ್ರೆಯಲ್ಲೇ ಮುಗಿಸುವ ವಿಚಾರ ಮಾಡಬಹುದಿತ್ತು ಅಂತ. ನನ್ನ ಮುಂದೆ ಎರಡು ಮೂರು ದಾರಿ ಇದ್ದವು. ನೀನು ಒಂದನ್ನು ಮಾತ್ರ ತೆರೆದಿಟ್ಟು ಉಳಿದವಕ್ಕೆ ಬಾಗಿಲು ಹಾಕಿದೆ. ಕಣ್ಣಿಲ್ಲದವಳಿಗೆ ಅದನ್ನು ಮಾಡಿದೆ.

ಇನ್ನೊಂದು ಮಾತೂ ಇದೆ, ಅದನ್ನು ಮುಚ್ಚಿಟ್ಟರೆ ನಾನೂ ನಿನ್ನಂತೆಯೇ ಆಗುತ್ತೇನೆ. ಕಾಗದ ಸರಿಯಿದೆ ಅಂತ ನನಗೆ ಆಗಸ್ಟಿನಲ್ಲೇ ಗೊತ್ತಿತ್ತು. ಮನೆಯಲ್ಲಿ ಹಳೆಯ ಪುಸ್ತಕ ತೆಗೆದು ಓದಿ ನೋಡಿದ್ದೆ. ಅದರ ಚುಕ್ಕಿಯೂ ಸಿಗಲಿಲ್ಲ. ಡಾಕ್ಟರು ಕೇಳಿದಾಗ ಬಾಯಿ ತುದಿಗೆ ಬಂತು, ಚಳಿ ಅಂದುಬಿಟ್ಟೆ. ಹೇಳಿದರೆ ಮದ್ದು ನಿಲ್ಲಿಸುತ್ತಾರೆ, ನಿಲ್ಲಿಸಿದರೆ ಗಡ್ಡೆ ಮತ್ತೆ ಬರುತ್ತದೆ ಅನ್ನುವ ಹೆದರಿಕೆ. ಬೆರಳಿಗಾಗಿ ಪ್ರಾಣ ಬಿಡುತ್ತೇನೆ ಅಂದವಳು ಒಳಗೊಳಗೇ ಬೆರಳು ಬಿಟ್ಟು ಪ್ರಾಣ ಹಿಡಿದುಕೊಂಡಿದ್ದೆ. ಇದನ್ನು ಒಪ್ಪಿಕೊಳ್ಳಲು ಇಷ್ಟು ದಿನ ಬೇಕಾಯಿತು.

ಮದ್ದು ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳು ಜೋಮು ಹೆಚ್ಚಾಗಬಹುದು ಅಂದಿದ್ದಾರೆ. ಹೆಚ್ಚಾಗುತ್ತಿದೆ. ಪಾದಕ್ಕೂ ಬಂದಿದೆ, ಮೆಟ್ಟಿಲು ಸಿಗುವುದಿಲ್ಲ.

ಅಕ್ಕ

ಜನವರಿ 25

ಪುಟ್ಟಿ,

ಮಾತ್ರೆ ಮುಗಿದು ಎರಡು ತಿಂಗಳಾಯಿತು. ಬಲಗೈ ಇನ್ನೂ ಮೊದ್ದಾಗಿದೆ. ಎಡಗೈಯ ಉಂಗುರದ ಬೆರಳಿಗೆ ಚುಕ್ಕಿ ಇದೆಯೋ ಇಲ್ಲವೋ ಅನ್ನುವುದು ತಿಳಿಯುತ್ತದೆ, ನಿಧಾನವಾಗಿ. ಒಂದನೇ ತರಗತಿಯ ಪುಸ್ತಕ ಇಟ್ಟುಕೊಂಡು ಕಲಿಯುತ್ತಿದ್ದೇನೆ. ಪ್ರೆಸ್ಸಿನವರು ಪ್ರೂಫ್ ಕೊಡುತ್ತಿಲ್ಲ, ಹೊಸಬರಿಗೆ ಹೇಳಿಕೊಡುವ ಕೆಲಸ ಕೊಟ್ಟಿದ್ದಾರೆ.

ಸ್ಕ್ಯಾನ್ ಆಗಿದೆ. ಫೆಬ್ರುವರಿ ಆರಕ್ಕೆ ಡಾಕ್ಟರು ರಿಪೋರ್ಟು ಹೇಳುತ್ತಾರೆ. ಮೇಸ್ತ್ರಿ ಹೊಸ ಯಂತ್ರ ಜೋಡಿಸಲು ಬೇರೆ ಊರಿನ ಪ್ರೆಸ್ಸಿಗೆ ಹೋಗಿದ್ದಾರೆ. ಅವರಿಲ್ಲ ಅಂತ ಕರೆಯುತ್ತಿಲ್ಲ. ನೀನು ಬಾ.

ಅಕ್ಕ

ಫೆಬ್ರುವರಿ 8

ಮೇಸ್ತ್ರಿಯವರಿಗೆ,

ರಿಪೋರ್ಟು ಏನಾಯಿತು ಅಂತ ನಿಮಗೆ ಬರೆಯಲು ಅಕ್ಕ ಹೇಳಿದ್ದಾಳೆ.

ಬಸ್ ನಿಲ್ದಾಣದಲ್ಲಿ ಅವಳನ್ನು ನೋಡಿದಾಗ ಗುರುತು ಸಿಗಲಿಲ್ಲ, ಅಷ್ಟು ಇಳಿದುಹೋಗಿದ್ದಾಳೆ. ನಾನು ಕೈ ಹಿಡಿಯಲು ಹೋದೆ. "ಕೈ ಹಿಡೀಬೇಡ, ಗೊತ್ತಾಗಲ್ಲ. ಮೊಣಕೈ ಹಿಡಿ" ಅಂದಳು. ಆ ದಿನ ನಾವಿಬ್ಬರೂ ಹಳೆಯದನ್ನು ಮಾತಾಡಲಿಲ್ಲ. ಅವಳು ನನ್ನ ಬಸ್ಸಿನ ಗೇರು, ಬೆಟ್ಟದ ತಿರುವು ಎಲ್ಲ ಕೇಳಿದಳು. ಏಳು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದೆವು. ಡಾಕ್ಟರು ರಿಪೋರ್ಟು ತೆಗೆದು ಮಾತು ಶುರು ಮಾಡುವಷ್ಟರಲ್ಲಿ ಅಕ್ಕ ತಡೆದಳು. "ನೀವು ಆಮೇಲೆ ಹೇಳಿ. ಮೊದಲು ಇವಳು ಓದಲಿ." ಅವರು ಹಾಳೆಯನ್ನು ನನ್ನ ಕೈಗೆ ಕೊಟ್ಟರು.

ಓದಿದೆ. ಕರುಳಿನಲ್ಲಿ ಗಡ್ಡೆ ಮರಳಿದ ಗುರುತಿಲ್ಲ. ಶ್ವಾಸಕೋಶದಲ್ಲಿ ಏನೂ ಇಲ್ಲ. ಅಲ್ಲಿಗೆ ನಿಲ್ಲಿಸಿದೆ. ಉಸಿರೆಳೆದುಕೊಳ್ಳಲು ನಿಲ್ಲಿಸಿದೆ ಅಂತ ನನಗೆ ನಾನೇ ಹೇಳಿಕೊಳ್ಳಬಹುದು. ಆದರೆ ಮುಂದಿನ ವಾಕ್ಯ ಆಗಲೇ ನನ್ನ ಕಣ್ಣಿಗೆ ಬಿದ್ದಿತ್ತು.

"ಅದನ್ನೂ ಓದು" ಅಂದಳು ಅಕ್ಕ.

ಯಕೃತ್ತಿನ ಬಲಭಾಗದಲ್ಲಿ ಆರು ಮಿಲಿಮೀಟರಿನ ಒಂದು ಮಚ್ಚೆ ಇದೆ, ಅದು ಏನೆಂದು ಈಗ ಹೇಳಲಾಗದು, ಮೂರು ತಿಂಗಳಿಗೆ ಮತ್ತೆ ಸ್ಕ್ಯಾನ್ ಮಾಡಬೇಕು. ಅಕ್ಕ ಡಾಕ್ಟರನ್ನು ಕೇಳಿದಳು, "ಅದು ಏನಿರಬಹುದು?"

"ಇಷ್ಟು ಚಿಕ್ಕದು ಸಾಮಾನ್ಯವಾಗಿ ಏನೂ ಆಗಿರಲ್ಲ. ಆದರೆ ಇದು ಏನೂ ಅಲ್ಲ ಅಂತ ಇವತ್ತು ಹೇಳೋಕೆ ನನಗೆ ಆಗಲ್ಲ."

"ಸರಿ. ಮತ್ತೆ ಮದ್ದು ಬೇಕಾದರೆ ಯಾವುದು, ಅದು ನನ್ನ ಕೈಗೆ ಏನು ಮಾಡುತ್ತೆ, ಅದನ್ನೂ ಇವತ್ತೇ ಹೇಳಿಬಿಡಿ." ಅರ್ಧ ಗಂಟೆ ಕೂರಿಸಿಕೊಂಡು ಕೇಳಿದಳು. ಹೊರಗೆ ಕಾಯುತ್ತಿದ್ದವರು ಬಾಗಿಲು ಬಡಿದರೂ ಏಳಲಿಲ್ಲ.

ಬೆರಳಿನ ವಿಷಯ. ವರ್ಷದಲ್ಲಿ ಇನ್ನಷ್ಟು ಸುಧಾರಿಸಬಹುದು, ಪೂರ್ತಿ ಮೊದಲಿನಂತೆ ಆಗುವುದು ಅನುಮಾನ ಅಂದರು. ಅದನ್ನೂ ನಿಮಗೆ ಬರೆಯಬೇಕಂತೆ.

ನಾನು ಇನ್ನೂ ನಾಲ್ಕು ದಿನ ಇರುತ್ತೇನೆ. ನಿನ್ನೆ ಅವಳು ಇಡೀ ರಿಪೋರ್ಟನ್ನು ನನ್ನಿಂದ ಬ್ರೈಲಿನಲ್ಲಿ ಬರೆಸಿಕೊಂಡಳು. ಈಗ ಕಿಟಕಿಯ ಹತ್ತಿರ ಎಡಗೈಯ ಬೆರಳಿಟ್ಟು ಅದನ್ನು ಓದುತ್ತಾ ಕೂತಿದ್ದಾಳೆ. ನಾನು ಎದುರು ಕೂತು ನಿಮಗೆ ಬರೆಯುತ್ತಿದ್ದೇನೆ. ಒಂದೊಂದು ಅಕ್ಷರಕ್ಕೂ ನಿಲ್ಲುತ್ತಾಳೆ, ಹಿಂದಕ್ಕೆ ಹೋಗುತ್ತಾಳೆ, ತಪ್ಪು ಓದಿ ತಾನೇ ತಿದ್ದಿಕೊಳ್ಳುತ್ತಾಳೆ. ಒಂದು ಗಂಟೆಯಾಯಿತು, ನಾಲ್ಕನೆಯ ಸಾಲಿನಲ್ಲಿದ್ದಾಳೆ. ಮುಂದಿನ ಪದ ನನಗೆ ಗೊತ್ತು. ಹೇಳಿಕೊಡದೆ ಸುಮ್ಮನಿದ್ದೇನೆ.

ಪುಟ್ಟಿ